ದೂರಿದ್ದರೆ ನನಗೇ ಹೇಳು

ಮಗಳೇ,

ನೀನು ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದ್ದನ್ನೆಲ್ಲ ನಿಮ್ಮಪ್ಪನಿಗೆ ಒಪ್ಪಿಸಿದೆ. ಗೀಸರ್ ನೀರು ಬೇಗ ಕಾಯುವುದಿಲ್ಲ. ಚಾರ್ಜರ್ ರೂಮಿನಲ್ಲಿದೆ, ಫೋನ್ ಹಾಲಿನಲ್ಲಿದೆ, ಎದ್ದು ಹೋಗಬೇಕು. ಆಫೀಸಿನ ಎಸಿ ಜಾಸ್ತಿ ತಣ್ಣಗಾಗಿ ಸ್ವೆಟರ್ ಕೊಳ್ಳಬೇಕಾಯಿತು. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಎಸಿಯನ್ನು ಹದಿನೆಂಟಕ್ಕಿಟ್ಟು, ಕೌದಿ ಹೊದ್ದು ಮಲಗಿದರು. ಹೊರಗೆ ನಮ್ಮ ರಾಯಚೂರಿನ ಬಿಸಿಲು!

ಇಲ್ಲೇ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ಕರೆಂಟು ತೆಗೆಯುತ್ತಿದ್ದಾರೆ. ಈಗ 8 ಘಟಕ, 1720 ಮೆಗಾವ್ಯಾಟ್. ಇಂಥ ಬೇಸಿಗೆಯಲ್ಲೂ ಬಾಯ್ಲರ್ ಪಕ್ಕ ನಿಂತು ಜನ ಪಾಳಿ ಮಾಡುತ್ತಾರೆ. ಆ ಕರೆಂಟಿನಿಂದ ಅಪ್ಪ ಮಗಳು ಇಬ್ಬರೂ ಚಳಿ ಮಾಡಿಕೊಂಡು ಕೂತಿದ್ದೀರಿ. ನೆನೆಸಿಕೊಂಡಾಗಲೆಲ್ಲ ನಗು ಬರುತ್ತದೆ.

ಇನ್ನು ಖಡಕ್ ರೊಟ್ಟಿ. ಬಸ್ಸಿನಲ್ಲಿ ಮುರಿದು ಬಂದಿವೆ ಅಂದೆ. ಇಡೀ ರೊಟ್ಟಿಯನ್ನು ಯಾರಾದರೂ ಬಾಯಿಗಿಟ್ಟುಕೊಳ್ಳುತ್ತಾರಾ? ಮುರಿದೇ ತಿನ್ನುವುದಲ್ವಾ? ಚೂರುಗಳನ್ನು ಬಟ್ಟಲಿಗೆ ಹಾಕಿ ಮೇಲೆ ಮೊಸರು ಸುರಿ. ತುಸು ಮೆತ್ತಗಾದ ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು, ಹಸಿ ಉಳ್ಳಾಗಡ್ಡಿ ಕಡಿಯುತ್ತಾ ತಿನ್ನು. ಆಮೇಲೆ ಇಡೀ ರೊಟ್ಟಿ ಸಿಕ್ಕರೂ ನೀನೇ ಮುರಿಯುತ್ತೀ.

ನಿನ್ನ ಈ ಸಣ್ಣ ದೂರುಗಳು ನನಗೆ ಇಷ್ಟ ಕಣೇ, ಸುಳ್ಳಲ್ಲ. ನಿಮ್ಮಜ್ಜಿ ನಿನ್ನ ವಯಸ್ಸಿನಲ್ಲಿ ಕೊಡ ಹೊತ್ತು ನೀರಿಗೆ ಅಲೆಯುತ್ತಿದ್ದಳು. ಜಿಲ್ಲೆಯ ಮೇಲುಗಡೆ ಕೃಷ್ಣಾ, ಕೆಳಗಡೆ ತುಂಗಭದ್ರಾ, ನಡುವೆ ಅವಳ ಊರಿನ ಬಾವಿ ಒಣ. ಅವಳಿಗೆ ದೂರು ಹೇಳಲು ಪುರುಸೊತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ನನ್ನ ಮಗಳು ಚಾರ್ಜರ್ ದೂರ ಇದೆ ಅಂತ ಗೊಣಗುತ್ತಾಳೆ ಅಂದರೆ ನನಗೆ ಹೊಟ್ಟೆ ತುಂಬ ಖುಷಿ.

ಒಂದು ಮಾತು ಮಾತ್ರ ಚುಚ್ಚಿತು. ಐಸ್‌ಕ್ರೀಮ್ ಕರಗಿತ್ತು ಅಂತ ತಂದ ಹುಡುಗನಿಗೆ ಒಂದೇ ಸ್ಟಾರ್ ಕೊಟ್ಟೆಯಂತೆ. ಬೇಡ ನನ್ನವ್ವಾ. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯಿಂದ ಜನ ಬೆಂಗಳೂರಿಗೆ ಗುಳೆ ಹೋಗುವುದನ್ನು ನೀನೇ ನೋಡಿದ್ದೀ. ಬಸ್ ಸ್ಟ್ಯಾಂಡಿನಲ್ಲಿ ಅಕ್ಕಿ ಚೀಲ, ಪಾತ್ರೆಗಂಟು, ಅದರ ಮೇಲೆ ನಿದ್ದೆಹೋದ ಮಗು. ಬಹಳ ಮಂದಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಬೈಕ್ ಓಡಿಸಲು ಬರುವ ಹುಡುಗರು ಹೀಗೆ ಮನೆ ಮನೆಗೆ ಊಟ ಹೊತ್ತು ತಿರುಗುತ್ತಾರೆ. ನಿನ್ನ ಬಾಗಿಲಿಗೆ ಬಂದವನು ನಮ್ಮ ಕಡೆಯವನೋ ಅಲ್ಲವೋ, ಯಾರಾದರೇನು? ಬಿಸಿಲನ್ನು ಅವನು ಕರೆತಂದಿಲ್ಲ, ಟ್ರಾಫಿಕ್ ಅವನು ಮಾಡಿದ್ದಲ್ಲ. ಸ್ಟಾರ್ ಕಡಿಮೆಯಾದರೆ ಅವನ ದುಡಿಮೆಗೇ ಪೆಟ್ಟು. ಕರಗಿದ ಐಸ್‌ಕ್ರೀಮನ್ನು ಫ್ರೀಜರಿನಲ್ಲಿ ಇಡು, ಮತ್ತೆ ಗಟ್ಟಿಯಾಗುತ್ತದೆ. ಅವನಿಗೆ ಒಂದು ಲೋಟ ತಣ್ಣನೆ ನೀರು ಕೊಡು.

ಸಿಟ್ಟು ಬಂದರೆ ನನಗೆ ಫೋನ್ ಮಾಡು. ರಾತ್ರಿ ಊಟ ಆದ ಮೇಲೆ ಮಾಡಿದರೆ ಎಷ್ಟು ಹೊತ್ತಾದರೂ ಕೂತು ಕೇಳುತ್ತೇನೆ. ಮುಂದಿನ ಸಲ ರೊಟ್ಟಿಯನ್ನು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಳಿಸುತ್ತೇನೆ. ಡಬ್ಬಿ ಮಾತ್ರ ಹೊಳ್ಳಿ ಕಳಿಸಬೇಕು.

ನಿನ್ನ ಅವ್ವ