ಗೇಮ್ ವಿಮರ್ಶೆ ಬರೆಯಲು ಹೊರಟ ಅಳಿಯನಿಗೆ

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ವಿಮರ್ಶೆಗಳನ್ನು ಓದಿದೆ. ಕನ್ನಡದಲ್ಲೇ ಬರೆದಿದ್ದೀಯ, ಖುಷಿಯಾಯಿತು. ಭಾಷೆಯೂ ಚೆನ್ನಾಗಿದೆ. ಆದರೆ ಓದಿ ಮುಗಿಸಿದ ಮೇಲೆ ಆಟ ನಿನಗೆ ಹಿಡಿಸಿತು ಅನ್ನೋದು ಗೊತ್ತಾಯಿತೇ ಹೊರತು, ಆಟ ಹೇಗಿದೆ ಅಂತ ಗೊತ್ತಾಗಲಿಲ್ಲ. "ಮುಲಾಜಿಲ್ಲದೆ ಹೇಳಿ ಮಾವ" ಅಂತ ನೀನೇ ಕೇಳಿದ್ದೀಯ. ಹೇಳುತ್ತೇನೆ.

ಮೊದಲು ಆ ಅಂಕಪಟ್ಟಿ ತೆಗೆದುಹಾಕು. ಗ್ರಾಫಿಕ್ಸ್‌ಗೆ ಇಷ್ಟು, ಸೌಂಡ್‌ಗೆ ಇಷ್ಟು, ಕಥೆಗೆ ಇಷ್ಟು ಅಂತ ಬರೆದು ಕೊನೆಗೆ ಸರಾಸರಿ ಹಾಕಿದ್ದೀಯಲ್ಲ, ಆ ಲೆಕ್ಕದಲ್ಲಿ ಯಾವ ಒಳ್ಳೆಯ ಆಟವೂ ಸಿಗುವುದಿಲ್ಲ. ಗುಂಡು ಹಾರಿಸುತ್ತ ಸಾಗುವ ಕಾಂಟ್ರಾ ಆಟ ತಗೋ. ನಿಂಟೆಂಡೊ ಯಂತ್ರಕ್ಕೆ ಅದು ಬಂದದ್ದು 1988ರಲ್ಲಿ. ನಮ್ಮ ಬೀದಿಗೆ ಬಂದದ್ದು ಆಮೇಲೆ, ನಕಲಿ ಟಿವಿ ಗೇಮ್‌ನಲ್ಲಿ, ಲಕ್ಷಗಟ್ಟಲೆ ಆಟ ಇದೆ ಅಂತ ಮೇಲೆ ಸುಳ್ಳು ಬರೆದಿದ್ದ ಕ್ಯಾಸೆಟ್‌ನಲ್ಲಿ. ಒಂದು ಗುಂಡು ತಗುಲಿದರೆ ಸತ್ತ ಹಾಗೆ. ಇರೋದು ಮೂರೇ ಲೈಫ್. ಕಥೆ ಏನು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಿನ್ನ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ. ಆದರೆ ಜಲಪಾತದ ಹಂತ ನೆನಪು ಮಾಡಿಕೋ. ಇಬ್ಬರು ಒಟ್ಟಿಗೆ ಹತ್ತಬೇಕು. ಒಬ್ಬ ಅವಸರ ಮಾಡಿ ಮೇಲಕ್ಕೆ ಹಾರಿದರೆ ಪರದೆ ಅವನ ಜೊತೆ ಮೇಲೆ ಸರಿಯುತ್ತದೆ, ಕೆಳಗಿದ್ದವನು ಸಾಯುತ್ತಾನೆ. ನಿಮ್ಮಮ್ಮನಿಗೂ ನನಗೂ ಎಷ್ಟು ಸಲ ಅದಕ್ಕೇ ಜಗಳವಾಗಿದೆಯೋ! (ಅವಸರ ಮಾಡುತ್ತಿದ್ದವಳು ಅವಳೇ. ಈಗ ಕೇಳಿದರೆ ಒಪ್ಪುವುದಿಲ್ಲ.) ಇದನ್ನು ಎರಡು ಸಾಲಿನಲ್ಲಿ ಬರೆದರೆ ಕಾಂಟ್ರಾ ಎಂಥ ಆಟ ಅಂತ ಆಡದವನಿಗೂ ತಿಳಿಯುತ್ತದೆ. "ಗೇಮ್‌ಪ್ಲೇ 9" ಅಂದರೆ ಏನು ತಿಳಿಯುತ್ತದೆ ಹೇಳು?

ಅಂಕ ಬೇಡವೇ ಬೇಡ ಅಂತಲ್ಲ. ಜಪಾನಿನ ಫಾಮಿತ್ಸು ಪತ್ರಿಕೆಯ ಪದ್ಧತಿ ನನಗೆ ಇಷ್ಟ. ನಾಲ್ಕು ಜನ ಬೇರೆಬೇರೆಯಾಗಿ ಹತ್ತಕ್ಕೆ ಅಂಕ ಹಾಕುತ್ತಾರೆ, ಒಟ್ಟು 40. ಒಬ್ಬ 9 ಕೊಟ್ಟು ಇನ್ನೊಬ್ಬ 6 ಕೊಟ್ಟರೆ, ಈ ಆಟದಲ್ಲಿ ಜಗಳಕ್ಕೆ ಜಾಗ ಇದೆ ಅಂತ ಓದುಗನಿಗೆ ಸುಳಿವು ಸಿಗುತ್ತದೆ. ಪೂರ್ತಿ 40 ಮೊದಲ ಸಲ ಬಂದದ್ದು 1998ರಲ್ಲಿ, ಜೆಲ್ಡಾ ಸರಣಿಯ ಒಕರಿನಾ ಆಫ್ ಟೈಮ್‌ಗೆ. ಬ್ರಿಟನ್ನಿನ ಆಮಿಗಾ ಪವರ್ ಪತ್ರಿಕೆ ಸಾಧಾರಣ ಆಟಕ್ಕೆ ನಿಜವಾಗಿಯೂ ನೂರಕ್ಕೆ 50 ಅಂತಲೇ ಹಾಕುತ್ತಿತ್ತು. ಈಗ ನೋಡು, ಹತ್ತಕ್ಕೆ 7 ಬಂದರೆ ಆಟ ಕೆಟ್ಟದು ಅಂತ ಅರ್ಥ. ಹಾಗಾದರೆ 1ರಿಂದ 6ರವರೆಗಿನ ಅಂಕ ಯಾಕೆ ಇವೆಯೋ!

ಇದು ತಮಾಷೆಯ ವಿಷಯವೂ ಅಲ್ಲ. 2010ರಲ್ಲಿ ಬಂದ ಫಾಲ್‌ಔಟ್: ನ್ಯೂ ವೇಗಸ್ ಆಟಕ್ಕೆ ವಿಮರ್ಶಕರ ಅಂಕಗಳ ಸರಾಸರಿ ಹಾಕುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ನೂರಕ್ಕೆ 85 ಬಂದರೆ, ಅದನ್ನು ಮಾಡಿದ ಆಬ್ಸಿಡಿಯನ್‌ನವರಿಗೆ ಬೋನಸ್ ಅಂತ ಮಾತಾಗಿತ್ತು. ಬಂದದ್ದು 84. ನೀನು ಸುಮ್ನೆ ಹಾಕುವ ಒಂದು ಅಂಕದ ಹಿಂದೆ ಯಾರದೋ ದುಡ್ಡು ಇರಬಹುದು.

ಈಗ ನನಗೆ ಜಾಸ್ತಿ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನೀನು ಯಾವ ಯಂತ್ರದಲ್ಲಿ ಆಡಿದೆ, ಎಷ್ಟು ದೂರ ಆಡಿದೆ, ಯಾವಾಗ ಆಡಿದೆ ಅನ್ನೋದು ನಿನ್ನ ಬರಹದಲ್ಲಿ ಎಲ್ಲೂ ಇಲ್ಲ. ಸೈಬರ್‌ಪಂಕ್ 2077 ನೆನಪಿದೆಯಲ್ವಾ? 2020ರ ಡಿಸೆಂಬರ್ 10ಕ್ಕೆ ಬಂತು. ಅದಕ್ಕೂ ಮೊದಲು ವಿಮರ್ಶಕರ ಕೈಗೆ ಕೊಟ್ಟಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಹೊಗಳಿಕೆ ಸುರಿಯಿತು. ಸೋನಿಯ ಪಿಎಸ್4 ಯಂತ್ರ ಇದ್ದವನು ಮನೆಗೆ ತಂದು ಹಾಕಿದರೆ ಆಟ ನಿಂತುನಿಂತು ಓಡುತ್ತಿತ್ತು, ಮಧ್ಯದಲ್ಲೇ ಮುಚ್ಚಿಹೋಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಮತ್ತೆ ಸೇರಿಸಿದ್ದು ಮರುವರ್ಷ ಜೂನ್‌ನಲ್ಲಿ. ವಿಮರ್ಶಕರು ಸುಳ್ಳು ಬರೆದಿರಲಿಲ್ಲ. ಅವರು ಆಡಿದ್ದೇ ಬೇರೆ, ಜನ ಕೊಂಡದ್ದೇ ಬೇರೆ.

ನೀನು ಆಡುವುದು ನಿನ್ನ ಗೆಳೆಯನ ಕಂಪ್ಯೂಟರಿನಲ್ಲಿ. ಅದರಲ್ಲಿರುವ ಗ್ರಾಫಿಕ್ಸ್ ಕಾರ್ಡಿನ ಬೆಲೆಗೆ ಒಂದು ಹಳೇ ಬೈಕ್ ಬರುತ್ತದೆ. ನಿನ್ನನ್ನು ಓದುವ ಹುಡುಗ ಕಾಲೇಜಿಗೆ ಅಂತ ಕೊಡಿಸಿದ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡ್ ಮಾಡುವವನು. ರೆಡ್ ಡೆಡ್ ರಿಡೆಂಪ್ಶನ್ 2 ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಕೇಳುತ್ತದೆ. ಕುದುರೆಯ ಕೂದಲು ಎಷ್ಟು ಚೆಂದ ಅಂತ ಒಂದು ಪ್ಯಾರಾ ಬರೆದೆ, ಈ 150 ಜಿಬಿ ಎಲ್ಲಿ ಹೋಯಿತು? ಇಂಗ್ಲಿಷ್ ವಿಮರ್ಶಕರಿಗೆ ಇದು ಹೊಳೆಯುವುದಿಲ್ಲ. ನಿನಗೆ ಹೊಳೆಯಬೇಕು.

ಆಡಿದ ದಿನಾಂಕವನ್ನೂ ಹಾಕು. 2019ರಲ್ಲಿ ಕ್ರ್ಯಾಶ್ ಟೀಮ್ ರೇಸಿಂಗ್ ಹೊಸ ರೂಪದಲ್ಲಿ ಬಂತು. ವಿಮರ್ಶೆಗಳೆಲ್ಲ ಬಂದು ಮುಗಿದ ಮೇಲೆ, ನಿಜವಾದ ದುಡ್ಡು ಕೊಟ್ಟು ಆಟದ ನಾಣ್ಯ ಕೊಳ್ಳುವ ವ್ಯವಸ್ಥೆಯನ್ನು ಒಳಗೆ ತಂದರು. ನೋ ಮ್ಯಾನ್ಸ್ ಸ್ಕೈ ಇದಕ್ಕೆ ಉಲ್ಟಾ. 2016ರಲ್ಲಿ ಬೈಸಿಕೊಂಡ ಆಟ ವರ್ಷವರ್ಷ ಸುಧಾರಿಸುತ್ತ ಹೋಯಿತು.

ಡಾರ್ಕ್ ಸೋಲ್ಸ್ "ತುಂಬಾ ಕಷ್ಟ, ಹಾಗಾಗಿ ಬೇಡ" ಅಂತ ಮುಗಿಸಿದ್ದೀಯ. ಅದು ಅರ್ಧ ಮಾತು. ನೀನು ಸತ್ತಾಗ ತಪ್ಪು ನಿನ್ನದಾಗಿತ್ತಾ? ಇಲ್ಲಾ ಕ್ಯಾಮೆರಾ ಕಂಬದ ಹಿಂದೆ ಸಿಕ್ಕಿಕೊಂಡು ಏನೂ ಕಾಣದೆ ಸತ್ತೆಯಾ? ಎರಡನೆಯದು ಆಟದ ದೋಷ. ಮೊದಲನೆಯದು ಕೆಲವರಿಗೆ ಬೇಕಾಗಿಯೇ ಇರುತ್ತದೆ. "ಒಂದೇ ರಾಕ್ಷಸನ ಎದುರು ಒಂದು ಸಂಜೆ ಪೂರ್ತಿ ಸತ್ತೆ, ಕೊನೆಗೆ ಅವನು ಕತ್ತಿ ಎತ್ತುವ ಹೊತ್ತು ತಿಳಿಯಿತು" ಅಂತ ಬರೆ. ಒಬ್ಬ ಓದಿ ನಮಸ್ಕಾರ ಹಾಕಿ ಓಡುತ್ತಾನೆ, ಇನ್ನೊಬ್ಬ ಅವತ್ತೇ ಕೊಳ್ಳುತ್ತಾನೆ. ಇಬ್ಬರಿಗೂ ಉಪಯೋಗವಾಯಿತು. ನಿನಗೆ ಹಿಡಿಸದ ಆಟ ತನಗೆ ಹಿಡಿಸುತ್ತದೆ ಅಂತ ಓದುಗನಿಗೆ ನಿನ್ನ ಬರಹದಿಂದಲೇ ಗೊತ್ತಾಗಬೇಕು. ನಾನು ವಿಮರ್ಶೆಯಿಂದ ಕೇಳುವುದು ಅಷ್ಟೇ.

ಬೈಗುಳದ ಬಗ್ಗೆ ಒಂದು ಮಾತು. ಬೈದರೆ ಓದುವವರು ಜಾಸ್ತಿ, ನನಗೂ ಗೊತ್ತು. ಅಮೆರಿಕದ ಅಟಾರಿ ಕಂಪನಿಯ ಇ.ಟಿ. ಆಟವನ್ನು ಲೋಕದ ಅತಿ ಕೆಟ್ಟ ಆಟ ಅಂತ ಇವತ್ತಿಗೂ ಆಡಿಕೊಳ್ಳುತ್ತಾರೆ. ಮಾರಾಟವಾಗದ ಕ್ಯಾಸೆಟ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಹೂತರು, 2014ರಲ್ಲಿ ಅಗೆದು ತೆಗೆದರು. ಇದು ಎಲ್ಲರಿಗೂ ಗೊತ್ತು. ಆದರೆ 1982ರ ಕ್ರಿಸ್‌ಮಸ್ ಮಾರಾಟಕ್ಕೆ ಬೇಕು ಅಂತ ಆ ಆಟ ಮಾಡಿದ ಹೊವರ್ಡ್ ಸ್ಕಾಟ್ ವಾರ್ಶಾಗೆ ಕೊಟ್ಟಿದ್ದು ಸುಮಾರು ಐದೇ ವಾರ. ಅದೇ ಮನುಷ್ಯ ಅದಕ್ಕೂ ಮೊದಲು ಯಾರ್ಸ್ ರಿವೆಂಜ್ ಅನ್ನೋ ಒಳ್ಳೆಯ ಆಟ ಮಾಡಿದ್ದ. ಇ.ಟಿ.ಯಲ್ಲಿ ಹೆಜ್ಜೆಹೆಜ್ಜೆಗೂ ಹಳ್ಳಕ್ಕೆ ಬೀಳುತ್ತೀಯ, ಕಷ್ಟಪಟ್ಟು ಹತ್ತಿದರೆ ಮತ್ತೆ ಬೀಳುತ್ತೀಯ. ಅದನ್ನು ಬರೆ, ಬೇಡ ಅನ್ನುವುದಿಲ್ಲ. "ಇವರಿಗೆ ಆಟ ಮಾಡೋಕೆ ಬರಲ್ಲ" ಅಂತ ಬರೆಯಬೇಡ. ಅವರಿಗೆ ಎಷ್ಟು ಸಮಯ ಕೊಟ್ಟಿದ್ದರು, ಯಾರು ಅವಸರ ಮಾಡಿದರು ಅನ್ನೋದು ನಿನಗೆ ಗೊತ್ತಿರುವುದಿಲ್ಲ.

ಆಟವನ್ನು ಯಾರಾದರೂ ಪುಕ್ಕಟೆ ಕೊಟ್ಟರೆ ತಗೋ, ಆದರೆ ಮೊದಲ ಸಾಲಿನಲ್ಲೇ ಹೇಳು. "ಇಂಥ ಗಂಟೆಯವರೆಗೆ ಪ್ರಕಟಿಸಬಾರದು" ಅನ್ನುವ ಷರತ್ತು ಬಂದರೆ ಆ ಗಂಟೆ ಯಾವುದು ಅಂತ ನೋಡು. 2014ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಯುನಿಟಿ ಅಮೆರಿಕದಲ್ಲಿ ಮಾರಾಟ ಶುರುವಾಗಿ ಹನ್ನೆರಡು ಗಂಟೆ ಕಳೆಯುವವರೆಗೆ ವಿಮರ್ಶೆ ಹೊರಬರುವಂತಿರಲಿಲ್ಲ. ಆಟದ ತುಂಬ ದೋಷಗಳಿದ್ದವು. ಆ ಹನ್ನೆರಡು ಗಂಟೆ ಯಾರಿಗೆ ಬೇಕಿತ್ತು ಅಂತ ನಾನು ಹೇಳಬೇಕಾ?

ಮುಂದಿನ ವಿಮರ್ಶೆಗೆ "ರಾಜಿ: ಆನ್ ಏನ್ಷಿಯೆಂಟ್ ಎಪಿಕ್" ಅನ್ನೋ ಆಟ ಆಡು. ಪುಣೆಯ ಸಣ್ಣ ತಂಡ ಮಾಡಿದ್ದು, 2020ರಲ್ಲಿ ಬಂತು. ಕೋಟೆ, ಗೋಡೆಚಿತ್ರ ನೋಡಿದರೆ ಕಣ್ಣು ತುಂಬುತ್ತದೆ. ಹೊಡೆದಾಟ ನನಗೆ ಸ್ವಲ್ಪ ಮಂದ ಅನ್ನಿಸಿತು, ಕೊನೆಯಂತೂ ಮಧ್ಯದಲ್ಲಿ ಕತ್ತರಿಸಿದ ಹಾಗಿದೆ. ನಮ್ಮವರು ಮಾಡಿದ್ದು ಅಂತ ಬಿಟ್ಟುಕೊಡಬೇಡ, ನಾನು ಹೇಳಿದೆ ಅಂತ ಒಪ್ಪಿಕೊಳ್ಳಲೂ ಬೇಡ. ಪೂರ್ತಿ ಆಡಿ, ಎರಡು ಪುಟ ಬರೆದು ಕಳಿಸು.

ಇಂತಿ,
ನಿನ್ನ ಮಾವ