ಮೊದಲ ಪ್ರದರ್ಶನಕ್ಕೇ ತೀರ್ಪು ಬೇಡ

ಮಾನ್ಯ ಸಂಪಾದಕರೇ,

ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಹಳೆಯ ಸಂಗೀತ ನಾಟಕವೊಂದು ಮತ್ತೆ ರಂಗವೇರಿದರೆ ಸಾಕು, ಮೊದಲ ವಾರ ನೋಡಿದ ಅಭಿಮಾನಿಗಳು ಏನೆಂದರು ಎಂಬುದು ಈಗ ಕನ್ನಡದಲ್ಲೂ ಸುದ್ದಿಯಾಗುತ್ತದೆ. ಓದುವುದಕ್ಕೆ ನಮಗೆ ಸಂತೋಷವೇ. ಆದರೆ ಆ ಮಾತುಗಳು ನಾಟಕದ ಯಾವ ಘಟ್ಟದಲ್ಲಿ ಬಂದವು ಎಂಬುದನ್ನು ಬಿಟ್ಟು ‘ಪ್ರೇಕ್ಷಕರಿಗೆ ಹಿಡಿಸಲಿಲ್ಲ’, ‘ಎದ್ದು ನಿಂತು ಚಪ್ಪಾಳೆ ಹೊಡೆದರು’ ಎಂದಷ್ಟೇ ಬರೆದರೆ ಓದುಗರಿಗೆ ಅರ್ಧ ವಿಷಯ ಮಾತ್ರ ಸಿಕ್ಕಂತಾಗುತ್ತದೆ. ಇದೇ ಅವಸರ ನಮ್ಮ ಹಾಸನ, ಚಿಕ್ಕಮಗಳೂರಿನ ರಂಗಭೂಮಿಗೂ ಪೆಟ್ಟು ಕೊಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇವೆ.

ಬ್ರಾಡ್‌ವೇಯ ಕ್ರಮ ಹೀಗಿದೆ. ತಾಲೀಮು ಮುಗಿದ ಮೇಲೆ ನಾಟಕ ನೇರವಾಗಿ ಉದ್ಘಾಟನೆಗೆ ಹೋಗುವುದಿಲ್ಲ. ನಡುವೆ ‘ಪ್ರೀವ್ಯೂ’ ಎಂಬ ಘಟ್ಟವಿದೆ, ಮುನ್‌ಪ್ರದರ್ಶನ ಎನ್ನೋಣ. ಸಂಗೀತ ನಾಟಕವಾದರೆ ಸಾಮಾನ್ಯವಾಗಿ ಮೂರು ನಾಲ್ಕು ವಾರ, ವಾರಕ್ಕೆ 8 ಪ್ರದರ್ಶನದ ಲೆಕ್ಕದಲ್ಲಿ ಟಿಕೆಟ್ ಮಾರಿಯೇ ಆಡುತ್ತಾರೆ. ಸಂಜೆ ಆಟ, ಮಧ್ಯಾಹ್ನ ತಿದ್ದುಪಡಿಯ ತಾಲೀಮು. ನಿನ್ನೆ ಇದ್ದ ಹಾಡು ಇವತ್ತು ಇಲ್ಲದಿರಬಹುದು, ಎರಡನೇ ಅಂಕದ ಮಾತು ಮೊದಲನೇ ಅಂಕಕ್ಕೆ ಬಂದಿರಬಹುದು. ಉದ್ಘಾಟನೆಗೆ ಕೆಲವೇ ದಿನ ಇರುವಾಗ ‘ಇನ್ನು ಒಂದು ಅಕ್ಷರವನ್ನೂ ಬದಲಿಸುವುದಿಲ್ಲ’ ಎಂದು ನಾಟಕಕ್ಕೆ ಬೀಗ ಹಾಕುತ್ತಾರೆ. ವಿಮರ್ಶಕರು ಬರುವುದು ಅದಾದ ಮೇಲೆ. ಅವರ ಬರಹ ಬೆಳಕಿಗೆ ಬರುವುದು ಉದ್ಘಾಟನೆಯ ರಾತ್ರಿ. ಅಭಿಮಾನಿಗಳ ಮೊದಲ ಪ್ರತಿಕ್ರಿಯೆ ಎಂದು ನಾವು ಓದುವುದೆಲ್ಲ ಇನ್ನೂ ಒಲೆಯ ಮೇಲಿರುವ ಅಡುಗೆಯ ರುಚಿ.

ಇನ್ನೊಂದು ವಿಷಯ. ಮೊದಲ ಮುನ್‌ಪ್ರದರ್ಶನಕ್ಕೆ ಬರುವವರು ತಿಂಗಳುಗಳ ಹಿಂದೆಯೇ ಟಿಕೆಟ್ ಮಾಡಿಸಿದ, ಆ ನಾಟಕದ ಹಳೆಯ ಧ್ವನಿಮುದ್ರಿಕೆಯನ್ನು ಬಾಯಿಪಾಠ ಮಾಡಿಕೊಂಡ ಭಕ್ತರು. ಅಂಥ ರಾತ್ರಿಯ ಚಪ್ಪಾಳೆಯನ್ನು ಹಾಗೆಹಾಗೇ ನಂಬುವಂತಿಲ್ಲ. ಆದರೆ ಅವರ ತಕರಾರುಗಳು ಬಹಳ ಖಚಿತವಾಗಿರುತ್ತವೆ: ಹಾಡನ್ನು ಒಂದು ಸ್ವರ ಕೆಳಗೆ ಇಳಿಸಿದ್ದಾರೆ, ನಡುವಿನ ನುಡಿ ಬಿಟ್ಟಿದ್ದಾರೆ, ವಾದ್ಯಮೇಳ ಚಿಕ್ಕದಾಗಿದೆ. 1943ರ ‘ಓಕ್ಲಹೋಮಾ’ 2019ರಲ್ಲಿ ಬ್ರಾಡ್‌ವೇಗೆ ಮರಳಿದಾಗ ಮೂಲದ ದೊಡ್ಡ ವಾದ್ಯಮೇಳದ ಜಾಗದಲ್ಲಿ ಕೂತಿದ್ದವರು 7 ಮಂದಿ. ಹಳೆಯ ತುಂಬುನಾದ ಬಯಸಿ ಬಂದವರಿಗೆ ಅದು ಕೊರತೆ ಅನ್ನಿಸಿತು, ಪಾತ್ರಗಳ ಒಳಗುದಿಯನ್ನು ಹತ್ತಿರದಿಂದ ಕೇಳಬೇಕೆಂದವರಿಗೆ ಅದೇ ಸರಿ ಅನ್ನಿಸಿತು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಆ ವರ್ಷದ ಅತ್ಯುತ್ತಮ ಮರುಪ್ರಯೋಗದ್ದು ಬಂದದ್ದು ಈ ‘ಓಕ್ಲಹೋಮಾ’ಕ್ಕೇ.

ಪ್ರೇಕ್ಷಕರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದಕ್ಕೆ ‘ಮೆರಿಲಿ ವಿ ರೋಲ್ ಅಲಾಂಗ್’ ನಾಟಕದ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸ್ಟೀಫನ್ ಸಾಂಡ್‌ಹೈಮ್ ಅವರ ಸಂಗೀತ, ಹೆರಾಲ್ಡ್ ಪ್ರಿನ್ಸ್ ಅವರ ನಿರ್ದೇಶನ, ವರ್ಷ 1981. ಮೂವರು ಗೆಳೆಯರ ಬದುಕನ್ನು ನಡುವಯಸ್ಸಿನಿಂದ ಹಿಂದಕ್ಕೆ, ಹದಿಹರೆಯದತ್ತ ಹೇಳುತ್ತಾ ಹೋಗುವ ನಾಟಕ. ನಟನಟಿಯರೆಲ್ಲ ಎಳೆಯ ವಯಸ್ಸಿನವರು. ಮುನ್‌ಪ್ರದರ್ಶನದಲ್ಲಿ ಯಾರು ಯಾರೆಂದೇ ತಿಳಿಯದೆ ಜನ ಮಧ್ಯದಲ್ಲೇ ಎದ್ದು ಹೋದರು. ಆಗ ತಂಡ ಹೊಲಿಸಿದ್ದ ಉಡುಪುಗಳನ್ನು ಬದಿಗಿಟ್ಟು, ಪಾತ್ರದ ಗುರುತನ್ನು ಎದೆಯ ಮೇಲೆ ಅಚ್ಚು ಹಾಕಿದ ಸ್ವೆಟ್‌ಶರ್ಟುಗಳನ್ನು ನಟರಿಗೆ ತೊಡಿಸಿತು. ಮುಖ್ಯ ನಟನನ್ನೂ ಬದಲಿಸಿತು. ಉದ್ಘಾಟನೆಯ ನಂತರ ನಡೆದದ್ದು 16 ಪ್ರದರ್ಶನ ಮಾತ್ರ. ಅದೇ ನಾಟಕ 2023ರಲ್ಲಿ ಮರಿಯಾ ಫ್ರೀಡ್‌ಮನ್ ಅವರ ನಿರ್ದೇಶನದಲ್ಲಿ ಬ್ರಾಡ್‌ವೇಗೆ ಮರಳಿ, 2024ರಲ್ಲಿ ಅತ್ಯುತ್ತಮ ಮರುಪ್ರಯೋಗದ ಟೋನಿ ಪ್ರಶಸ್ತಿ ಪಡೆಯಿತು. 1981ರ ಪ್ರೇಕ್ಷಕರು ನೋವು ಎಲ್ಲಿದೆ ಎಂದು ಸರಿಯಾಗಿಯೇ ತೋರಿಸಿದ್ದರು. ಅದಕ್ಕೆ ತಂಡ ಕಟ್ಟಿದ ಗಾಯದ ಪಟ್ಟಿ ತಪ್ಪಾಗಿತ್ತು ಎಂದೇ ನಮ್ಮ ತಿಳಿವಳಿಕೆ.

ಈಗ ನಮ್ಮ ಕಡೆಗೆ ಬರೋಣ. ಕಂಪನಿ ನಾಟಕಗಳನ್ನು ಮತ್ತೆ ಕಟ್ಟುವ ಉತ್ಸಾಹ ನಮ್ಮಲ್ಲಿದೆ. ಗುಬ್ಬಿ ವೀರಣ್ಣನವರು ಕಳ್ಳನ ಪಾತ್ರದಿಂದ ಮನೆಮಾತಾದ ‘ಸದಾರಮೆ’ಯನ್ನು ಅವರ ಮೊಮ್ಮಗಳು ಬಿ. ಜಯಶ್ರೀ ಅವರು ನಮ್ಮ ಕಾಲದ ಪ್ರೇಕ್ಷಕರ ಮುಂದೆ ತಂದು ನಿಲ್ಲಿಸಿದ್ದನ್ನು ಕನ್ನಡಿಗರು ಕಂಡಿದ್ದಾರೆ. ಹಾಸನ ಸೀಮೆಯ ಹಳ್ಳಿಗಳಲ್ಲಂತೂ ‘ಕುರುಕ್ಷೇತ್ರ’ ಎಂದೂ ನಿಂತೇ ಇಲ್ಲ. ಹಬ್ಬ ಜಾತ್ರೆ ಬಂದರೆ ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ಬಾಡಿಗೆ ಸೀನರಿ ಎಲ್ಲ ಸಿದ್ಧ. ಆದರೆ ಪಟ್ಟಣದ ತಂಡವೊಂದು ಹಾಸನಾಂಬ ಕಲಾಕ್ಷೇತ್ರಕ್ಕೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರಕ್ಕೋ ಇಂಥ ನಾಟಕ ತಂದಾಗ ಮೊದಲ ಪ್ರದರ್ಶನವೇ ಕೊನೆಯ ಪ್ರದರ್ಶನವೂ ಆಗುವುದುಂಟು. ಅವತ್ತು ರಾತ್ರಿಯೇ ‘ಸಪ್ಪೆ’ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ, ಎರಡು ತಿಂಗಳ ತಾಲೀಮು ಅಲ್ಲಿಗೆ ಮುಗಿಯುತ್ತದೆ. ಸಪ್ಪೆಯಾದದ್ದು ಯಾಕೆ ಎಂದು ಮಾತ್ರ ಯಾರೂ ಬಿಡಿಸಿ ನೋಡುವುದಿಲ್ಲ.

ಬಿಡಿಸಿ ನೋಡಿದರೆ ಕಾರಣಗಳು ಬಹುಪಾಲು ಕಸುಬಿನವು. ಪರದೆಯನ್ನೇ ತೆಗೆದುಕೊಳ್ಳಿ. ಕಂಪನಿ ನಾಟಕದ ಕಟ್ಟಡವೇ ಪರದೆಯ ಲೆಕ್ಕದ ಮೇಲೆ ನಿಂತಿದೆ. ಒಂದು ದೃಶ್ಯ ರಂಗದ ಪೂರ್ತಿ ಆಳ ಬಳಸುವ ಅರಮನೆ ಸೀನು. ಅದರ ಹಿಂದೆಯೇ ಮುಂದುಗಡೆ ಬೀದಿ ಪರದೆ ಇಳಿಸಿ ಆಡುವ ರೋಡ್ ಸೀನು. ಹಾಸ್ಯದವರು ನಾಲ್ಕಡಿ ಜಾಗದಲ್ಲಿ ಜನರನ್ನು ನಗಿಸುತ್ತಿರುವಾಗ ಪರದೆಯ ಹಿಂದೆ ಸಿಂಹಾಸನ ಹೋಗಿ ಕಾಡು ಬಂದಿರುತ್ತದೆ, ರಾಜ ವೇಷ ಕಳಚಿ ಸನ್ಯಾಸಿಯಾಗಿರುತ್ತಾನೆ. ಇವತ್ತು ನಾಟಕವನ್ನು ಚಿಕ್ಕದು ಮಾಡುವವರು ಕೈ ಹಾಕುವ ಮೊದಲ ಕೆಲಸ ‘ಕತೆಗೆ ಬೇಡದ ಹಾಸ್ಯ’ ಎಂದು ಆ ದೃಶ್ಯ ಕತ್ತರಿಸುವುದು. ಕತ್ತರಿಸಿದ ಕೂಡಲೇ ಪರದೆಯ ಹಿಂದಿನ ಆ ಕೆಲಸಕ್ಕೆ ಸಮಯವೇ ಇಲ್ಲ. ದೀಪ ಆರಿಸಬೇಕು, ಕತ್ತಲೆಯಲ್ಲಿ ಮಂಚ ಎಳೆಯುವ ಸದ್ದು, ಜನರ ಗುಜುಗುಜು, ಹಾಡಿನಿಂದ ಏರಿದ್ದ ಭಾವ ನೆಲಕ್ಕೆ. ಇಂಥ ಎಂಟು ಕತ್ತಲೆಗಳಿದ್ದು ಒಂದೊಂದೂ ಒಂದೂವರೆ ನಿಮಿಷವಾದರೆ 12 ನಿಮಿಷ ಜನ ಸುಮ್ಮನೆ ಕತ್ತಲೆ ನೋಡುತ್ತಾರೆ. ಹಳೆಯ ಬ್ರಾಡ್‌ವೇ ನಾಟಕಗಳ ಬರಹಗಾರರೂ ಇದೇ ಉಪಾಯ ಬಳಸಿ ಪರದೆಯ ಮುಂದೆ ಚಿಕ್ಕ ದೃಶ್ಯ ಬರೆಯುತ್ತಿದ್ದರು. ಕತ್ತರಿಸಲೇಬೇಕಿದ್ದರೆ ಹಾಸ್ಯದ ಮಾತನ್ನು ಅರ್ಧಕ್ಕೆ ಇಳಿಸಿ, ದೃಶ್ಯ ಉಳಿಸಿ. ಅದೂ ಬೇಡವೆಂದರೆ ಸಿಂಹಾಸನ, ಮಂಚ ಬಿಟ್ಟು ಎರಡು ಪೀಠಗಳಲ್ಲೇ ನಾಟಕ ನಡೆಸುವ ವಿನ್ಯಾಸ ಮೊದಲೇ ಆಗಬೇಕು. ಎರಡರ ನಡುವೆ ಜೋತುಬಿದ್ದರೆ ಕೆಡುತ್ತದೆ.

ಎರಡನೆಯದು ದನಿ. ‘ಹಾಡಿನ ಮಾತೇ ಕೇಳಿಸಲಿಲ್ಲ’ ಎಂಬ ದೂರು ಮೊದಲ ದಿನ ಬಂದೇ ಬರುತ್ತದೆ. ಧ್ವನಿವರ್ಧಕವನ್ನು ಹದ ಮಾಡುವುದು ಮಧ್ಯಾಹ್ನ, ಖಾಲಿ ಸಭಾಂಗಣದಲ್ಲಿ. ಆಗ ದನಿ ಗೋಡೆಗೆ ಬಡಿದು ಮರಳಿ ಬಂದು ತುಂಬಿಕೊಂಡಂತೆ ಕೇಳುತ್ತದೆ. ಸಂಜೆ ಜನ ಕೂತ ಮೇಲೆ ಮೈ, ಬಟ್ಟೆ, ಚಳಿಗಾಲವಾದರೆ ಸ್ವೆಟರು ಶಾಲುಗಳೆಲ್ಲ ಅದನ್ನು ಹೀರಿಕೊಳ್ಳುತ್ತವೆ. ಮೊದಲು ಮಾಯವಾಗುವುದು ಸ, ಶ, ಚ, ತ ಅಕ್ಷರಗಳ ಹರಿತ. ಮಾತಿನ ಸ್ಪಷ್ಟತೆ ಇರುವುದೇ ಅಲ್ಲಿ. ಮೈಕಿನವರು ಒಟ್ಟು ದನಿಯನ್ನೇ ಏರಿಸುತ್ತಾರೆ, ಮೈಕು ಕುಂಯ್ ಎನ್ನುತ್ತದೆ. ಮಾಡಬೇಕಾದ್ದು ತಬಲ, ಹಾರ್ಮೋನಿಯಂ ಮುಂದಿನ ಮೈಕನ್ನು ಇಳಿಸುವುದು. ಮಧ್ಯಮ ಗಾತ್ರದ ಸಭಾಂಗಣದಲ್ಲಿ ಕಾಲಿನಿಂದ ಗಾಳಿ ಒತ್ತುವ ಲೆಗ್ ಹಾರ್ಮೋನಿಯಂ ತಾನಾಗಿಯೇ ಹಿಂದಿನ ಸಾಲಿನವರೆಗೆ ಮುಟ್ಟುತ್ತದೆ.

ಕಾಲರ್ ಮೈಕಿನದು ಇನ್ನೊಂದು ಫಜೀತಿ. ಪೌರಾಣಿಕ ವೇಷದಲ್ಲಿ ಎದೆಯ ಮೇಲೆ ಹಾರ, ಕೊರಳಲ್ಲಿ ಕಂಠಿ. ಅದರ ನಡುವೆ ಮೈಕು ಸಿಕ್ಕಿಸಿದರೆ ನಟ ತಿರುಗಿದಾಗಲೆಲ್ಲ ಮಣಿಗಳ ಕರಕರ. ತಲೆ ಬಗ್ಗಿಸಿ ಹಾಡಿದರೆ ದನಿ ಒಮ್ಮೆಲೆ ದಪ್ಪ, ಪಕ್ಕಕ್ಕೆ ತಿರುಗಿದರೆ ತೆಳು. ಬ್ರಾಡ್‌ವೇಯಲ್ಲಿ ಮೈಕಿನ ತುದಿಯನ್ನು ವಿಗ್ಗಿನ ಅಂಚಿನಲ್ಲಿ, ಹಣೆಯ ಮೇಲ್ಭಾಗಕ್ಕೆ ಬರುವಂತೆ ಬಚ್ಚಿಡುತ್ತಾರೆ. ತಲೆ ಎತ್ತ ತಿರುಗಿದರೂ ಬಾಯಿಗೂ ಮೈಕಿಗೂ ಇರುವ ದೂರ ಬದಲಾಗುವುದಿಲ್ಲ. ನಮ್ಮ ನಾಟಕಗಳಲ್ಲಿ ವಿಗ್ಗು, ಕಿರೀಟ ಎರಡೂ ಇವೆಯಲ್ಲ! ಕಿರೀಟದ ಕೆಳಪಟ್ಟಿಗೆ ತಾಗದಂತೆ, ಹಣೆಯ ಬೆವರು ನೇರವಾಗಿ ಇಳಿಯುವ ನಡುಜಾಗ ಬಿಟ್ಟು ತುಸು ಪಕ್ಕಕ್ಕೆ, ಚರ್ಮಕ್ಕೆ ಹಾಕುವ ಟೇಪಿನಿಂದ ಅಂಟಿಸಿದರಾಯಿತು. ಬ್ಯಾಟರಿ ಪ್ರತಿ ಪ್ರದರ್ಶನಕ್ಕೂ ಹೊಸದಿರಲಿ. ಎರಡನೇ ಅಂಕದಲ್ಲಿ ದನಿ ಕಡಿದುಹೋಗುವುದು ಹೆಚ್ಚಾಗಿ ಹಳೆಯ ಬ್ಯಾಟರಿಯಿಂದ.

ಶ್ರುತಿಯ ವಿಷಯದಲ್ಲಿ ಹಿರಿಯ ಪ್ರೇಕ್ಷಕರ ದೂರನ್ನು ತಳ್ಳಿಹಾಕಬಾರದು. ಮೈಕಿಲ್ಲದ ಕಾಲದಲ್ಲಿ ದನಿ ಟೆಂಟಿನ ಕೊನೆಯವರೆಗೆ ಮುಟ್ಟಬೇಕಿತ್ತು, ಅದಕ್ಕೇ ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಈಗಿನ ಗಾಯಕರಿಗೆ ಶ್ರುತಿಯನ್ನು ಹಾರ್ಮೋನಿಯಂನ ಒಂದೆರಡು ಮನೆಯಷ್ಟು (ಕೀಲಿಯಷ್ಟು) ಇಳಿಸಿಕೊಳ್ಳುವುದು ಅನಿವಾರ್ಯವಿರಬಹುದು. ಆದರೆ ಅತಿಯಾಗಿ ಇಳಿಸಿದರೆ ಪಲ್ಲವಿಯ ಕೆಳಗಿನ ಸ್ವರಗಳು ತಬಲದ ಎಡಗೈ ನಾದದಲ್ಲಿ ಮುಳುಗಿಹೋಗುತ್ತವೆ. ಆಗ ಇಡೀ ಹಾಡೇ ಮಂಕು ಅನ್ನಿಸುತ್ತದೆ, ಜನ ಗಾಯಕನನ್ನು ಬೈಯುತ್ತಾರೆ. ಮಲೆನಾಡಿನ ಸಂಜೆಯ ಥಂಡಿಗೆ ತಬಲದ ಚರ್ಮವೂ ಸಡಿಲಾಗಿ ಶ್ರುತಿ ಕೆಳಗಿಳಿಯುತ್ತದೆ. ಆದ್ದರಿಂದ ಮೂರು ಗಂಟೆಗೆ ಶ್ರುತಿ ಮಾಡಿಟ್ಟು ಆರೂವರೆಗೆ ನುಡಿಸಲು ಕೂರುವುದು ಚಿಕ್ಕಮಗಳೂರಿನಲ್ಲಿ ಆಗದ ಮಾತು. ಅಂಕದ ಪರದೆ ಏಳುವ ಹತ್ತು ನಿಮಿಷ ಮುಂಚೆ ಮತ್ತೊಮ್ಮೆ ಸುತ್ತಿಗೆ ಹಿಡಿಯಲೇಬೇಕು.

ಅವಧಿಯದು ಸರಳ ಲೆಕ್ಕ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತಿದ್ದ ನಾಟಕವನ್ನು ಎರಡೂವರೆ ಗಂಟೆಗೆ ತರುವಾಗ 40 ಹಾಡಿದ್ದರೆ ನಾಲ್ಕು ನಿಮಿಷದಂತೆ ಹಾಡಿಗೇ 160 ನಿಮಿಷ ಹೋಯಿತು. 14 ಹಾಡು ಇಟ್ಟುಕೊಂಡು ಒಂದೊಂದನ್ನು ಮೂರು ನಿಮಿಷಕ್ಕೆ ಹಿಡಿದರೆ 42 ನಿಮಿಷ. ಮಾತಿಗೆ ನೂರು ನಿಮಿಷ ದಾಟಿ ಉಳಿಯುತ್ತದೆ. ಅದರಲ್ಲಿ ‘ಒನ್ಸ್ ಮೋರ್’ಗೆಂದು ಒಂದು ಹತ್ತು ನಿಮಿಷ ತೆಗೆದಿಡಿ. ಕಂಪನಿ ನಾಟಕದ ಪ್ರೇಕ್ಷಕನ ಮೊದಲ ಪ್ರತಿಕ್ರಿಯೆ ಅದೇ. ಅದಕ್ಕೆ ಜಾಗ ಕೊಡದ ಮರುಪ್ರಯೋಗ ನೋಡಲು ನಮಗಂತೂ ಬೇಸರ. ಧ್ವನಿಮುದ್ರಿತ ಟ್ರ್ಯಾಕಿಗೆ ಹಾಡುವವರು ಒನ್ಸ್ ಮೋರ್ ಕೊಡಲಾರರು.

ಹಾಗಾದರೆ ನಮ್ಮ ತಂಡಗಳು ಏನು ಮಾಡಬಹುದು? ಬ್ರಾಡ್‌ವೇಯಂತೆ ವಾರಗಟ್ಟಲೆ ಆಡಲು ದುಡ್ಡಿಲ್ಲ, ನಟರೆಲ್ಲ ಹಗಲು ಬೇರೆ ಕೆಲಸದಲ್ಲಿರುವವರು. ಎರಡು ಮುನ್‌ಪ್ರದರ್ಶನ ಸಾಕು. ಒಂದನ್ನು ಅರಕಲಗೂಡು, ಹೊಳೆನರಸೀಪುರ, ಕಡೂರು ಕಡೆಯ ಒಂದು ಊರಿನಲ್ಲಿ ಆಡಿ. ರಂಗಗೀತೆಯ ಮಟ್ಟು ತಪ್ಪಿದರೆ ಅಲ್ಲೇ ಹೇಳುವ ಜನ ಅಲ್ಲಿದ್ದಾರೆ. ಇನ್ನೊಂದನ್ನು ಉದ್ಘಾಟನೆ ನಡೆಯುವ ಸಭಾಂಗಣದಲ್ಲೇ, ಮೂರು ನಾಲ್ಕು ದಿನ ಮುಂಚೆ, ಅರ್ಧ ಟಿಕೆಟಿಗೆ. ‘ಇದು ಮುನ್‌ಪ್ರದರ್ಶನ’ ಎಂದು ಟಿಕೆಟಿನ ಮೇಲೇ ಅಚ್ಚಾಗಿರಲಿ, ಬಂದವರಿಗೆ ಮೋಸವಾಗಬಾರದು. ಗ್ರ್ಯಾಂಡ್ ರಿಹರ್ಸಲ್‌ಗೆ ನೆಂಟರಿಷ್ಟರನ್ನು ಕೂರಿಸಿದರೆ ಇದರ ಫಲ ಸಿಗುವುದಿಲ್ಲ. ಅವರು ಎಲ್ಲದಕ್ಕೂ ನಗುತ್ತಾರೆ, ಎಲ್ಲದಕ್ಕೂ ಅಳುತ್ತಾರೆ.

ಪ್ರತಿಕ್ರಿಯೆ ಸಂಗ್ರಹಿಸುವುದಕ್ಕೂ ಒಂದು ರೀತಿ ಇದೆ. ತಂಡದ ಇಬ್ಬರು ಗಡಿಯಾರ, ಪುಸ್ತಕ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಲ್ಲಬೇಕು. ಅವರು ನೋಡಬೇಕಾದ್ದು ರಂಗವನ್ನಲ್ಲ, ಜನರ ಬೆನ್ನನ್ನು. ಯಾವ ನಿಮಿಷಕ್ಕೆ ಕೆಮ್ಮು ಶುರುವಾಯಿತು, ಎಷ್ಟು ಮೊಬೈಲು ಬೆಳಗಿದವು, ಯಾವ ಹಾಡಿಗೆ ಕಾಲು ತಾಳ ಹಾಕಿತು, ಎಲ್ಲಿ ನಗು ಬರಬೇಕಿತ್ತೋ ಅಲ್ಲಿ ಬರಲಿಲ್ಲ, ಎಲ್ಲ ಬರೆದುಕೊಳ್ಳಿ. ಬಾಗಿಲಲ್ಲಿ ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನದವರು ನಮ್ಮ ಊರಿನಲ್ಲಿ ಯಾರಿದ್ದಾರೆ? ಬದಲಿಗೆ ಚೀಟಿ ಕೊಟ್ಟು ಮೂರೇ ಪ್ರಶ್ನೆ ಕೇಳಿ: ಯಾವ ಸಾಲಿನಲ್ಲಿ ಕೂತಿದ್ದಿರಿ, ಯಾವ ಹಾಡಿನ ಮಾತು ತಿಳಿಯಲಿಲ್ಲ, ಕತೆ ಎಲ್ಲಿ ಕೈತಪ್ಪಿತು. ಸಾಲು ಕೇಳುವುದು ಮುಖ್ಯ. ಹಿಂದಿನ ಐದು ಸಾಲಿನವರಿಗಷ್ಟೇ ಮಾತು ಕೇಳಿಸದಿದ್ದರೆ ಅದು ಸ್ಪೀಕರಿನ ದೋಷ, ಮುಂದಿನವರಿಗೂ ಕೇಳಿಸದಿದ್ದರೆ ಉಚ್ಚಾರಣೆಯದು. ಒಂದೇ ದೂರು ಬೇರೆ ಬೇರೆ ಮೂಲೆಯ ಮೂವರಿಂದ ಬಂದರೆ ತಿದ್ದಿ, ಒಬ್ಬರಿಂದ ಬಂದರೆ ಇನ್ನೊಂದು ಪ್ರದರ್ಶನ ಕಾಯಿರಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ತಿದ್ದುಪಡಿ ಬೇಡ, ನಟನ ಬಾಯಿಗೆ ಹಳೆಯ ಮಾತು ಹೊಸ ಮಾತು ಬೆರೆತು ಬರುತ್ತದೆ. ಉದ್ಘಾಟನೆಯ ಹಿಂದಿನ ದಿನ ಬೀಗ.

ತಮ್ಮಲ್ಲಿ ನಮ್ಮ ಕೋರಿಕೆ ಚಿಕ್ಕದು. ಮರುಪ್ರಯೋಗದ ಬಗ್ಗೆ ಬರೆಯುವಾಗ, ಅದು ಬ್ರಾಡ್‌ವೇಯದಾಗಲಿ ನಮ್ಮೂರಿನದಾಗಲಿ, ನೋಡಿದ್ದು ಎಷ್ಟನೇ ಪ್ರದರ್ಶನ, ಮುನ್‌ಪ್ರದರ್ಶನವೋ ಉದ್ಘಾಟನೆಯ ನಂತರದ್ದೋ, ಸಂಗೀತ ಎದುರಿಗೆ ನುಡಿಸಿದ್ದೋ ಟ್ರ್ಯಾಕೋ, ಒಟ್ಟು ಅವಧಿ ಎಷ್ಟು ಎಂಬ ನಾಲ್ಕು ವಿಷಯಗಳನ್ನು ಬರಹದ ಮೇಲೆ ಒಂದು ಸಾಲಿನಲ್ಲಿ ಹಾಕಿಸಿ. ಪ್ರೇಕ್ಷಕರ ಮೊದಲ ಮಾತುಗಳನ್ನು ವಿಮರ್ಶೆಯೊಳಗೆ ಬೆರೆಸದೆ ಪಕ್ಕದಲ್ಲಿ ಬೇರೆಯಾಗಿ ಅಚ್ಚು ಮಾಡಿ, ವಿಮರ್ಶಕರನ್ನು ಎರಡನೇ ಪ್ರದರ್ಶನದ ನಂತರ ಕಳಿಸಿ. ಸುಗ್ಗಿ ಮುಗಿದು ಉಗಾದಿ ಕಳೆಯುವವರೆಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ನಾಟಕದ ದಿನಗಳು. ಈ ಸಲದಿಂದಲೇ ಶುರು ಮಾಡಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ಓದುಗರು,
ಹಾಸನದ ಕೆಲವು ರಂಗಾಸಕ್ತರು