ಮಗುವಿನ ಕೈಯಿಂದ ಮೈಕ್ ಕಿತ್ತುಕೊಳ್ಳಬೇಕಿತ್ತೇ?

ಸಂಪಾದಕರೇ,

ಭಾನುವಾರದ ಬೈಬಲ್ ಉಪನ್ಯಾಸದ ವರದಿ ಓದಿದೆ. ದೇವರು ಆರು ದಿನದಲ್ಲಿ ಜಗತ್ತನ್ನು ಸೃಷ್ಟಿಸಿ ಏಳನೇ ದಿನ ವಿಶ್ರಮಿಸಿದ ಅನ್ನುತ್ತದೆ ಬೈಬಲ್. 'ಸೃಷ್ಟಿಯ ಆರು ದಿನ ಎಂದರೆ 24 ಗಂಟೆಯ ದಿನಗಳೇ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. ಕೊನೆಗೆ ಸಂವಾದ ನಡೆಯಿತು ಎಂದೂ ಬರೆದಿದ್ದೀರಿ. ಯಾವ ಸಂವಾದ? ನಾನು ಮೂರನೇ ಸಾಲಿನಲ್ಲೇ ಕೂತಿದ್ದೆ.

ಒಂಬತ್ತನೇ ಕ್ಲಾಸಿನ ನನ್ನ ಮಗಳು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಪ್ರಶ್ನೆ ಬರೆದು ತಂದಿದ್ದಳು. ಎರಡೂ ಕೈಯಲ್ಲಿ ಮೈಕ್ ಹಿಡಿದು ಕೇಳಿದಳು: "ಸೂರ್ಯನನ್ನು ದೇವರು ಮಾಡಿದ್ದು ನಾಲ್ಕನೇ ದಿನ. ಮೊದಲ ಮೂರು ದಿನಕ್ಕೆ 24 ಗಂಟೆ ಅಂತ ಹೇಗೆ ಲೆಕ್ಕ ಹಾಕೋದು?" ವೇದಿಕೆ ಮೇಲಿದ್ದವರು "ಇದು ಅವಿಶ್ವಾಸದ ಮಾತು, ಕೂತ್ಕೋ" ಅಂದರು. ಯಾರೋ ಬಂದು ಮೈಕ್ ಕಿತ್ತುಕೊಂಡರು. ಆಮೇಲೆ ಮನೆ ಮುಟ್ಟುವವರೆಗೂ ಅವಳು ತಲೆ ಎತ್ತಲಿಲ್ಲ.

ಇದೇ ಪ್ರಶ್ನೆ 1600 ವರ್ಷಗಳ ಹಿಂದೆ ಕ್ರೈಸ್ತರ ದೊಡ್ಡ ಧರ್ಮಪಂಡಿತ ಸಂತ ಅಗಸ್ಟೀನರನ್ನೂ ಕಾಡಿತ್ತು. ದೇವರು ಎಲ್ಲವನ್ನೂ ಒಮ್ಮೆಲೇ ಸೃಷ್ಟಿಸಿದ, ಅವು ನಮ್ಮ ನಿಮ್ಮಂಥ ದಿನಗಳಲ್ಲ ಎಂದೇ ಅವರು ತಿಳಿದಿದ್ದರು. ಅವರೂ ಅವಿಶ್ವಾಸಿಯೇ? ಹೀಬ್ರೂ ಮೂಲದಲ್ಲಿರುವ ಪದ 'ಯೋಮ್'. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಒಂದೇ ವಚನದಲ್ಲಿ ಕನ್ನಡಕ್ಕೆ ಅನುವಾದಿಸಿದವರು ಒಂದು ಕಡೆ 'ಹಗಲು', ಇನ್ನೊಂದು ಕಡೆ 'ದಿನ' ಎಂದು ಬರೆದಿದ್ದಾರೆ. ಮೂಲದಲ್ಲಿ ಎರಡೂ ಯೋಮ್. ಎರಡನೇ ಅಧ್ಯಾಯದಲ್ಲಿ ಇಡೀ ಸೃಷ್ಟಿಯ ಕಾಲಕ್ಕೂ ಅದೇ ಯೋಮ್. ನಮ್ಮತ್ತೆ 'ಆ ದಿನಗಳಲ್ಲಿ' ಅಂತ ಮಾತು ತೆಗೆದರೆ ನಾವೇನು ಗಂಟೆ ಎಣಿಸುತ್ತೇವಾ? ಮೊದಲ ಆರು ದಿನಕ್ಕೆ 'ಸಾಯಂಕಾಲವೂ ಪ್ರಾತಃಕಾಲವೂ ಆಯಿತು' ಅಂತ ಇದೆ, ಏಳನೇ ದಿನಕ್ಕಂತೂ ಆ ಮಾತೇ ಇಲ್ಲ. 24 ಗಂಟೆ ಅನ್ನುವವರಿಗೂ ಆಧಾರ ಇದೆ. ಆರು ದಿನ ದುಡಿ, ಏಳನೇ ದಿನ ಸಬ್ಬತ್ ಅಂದರೆ ವಿಶ್ರಾಂತಿ ದಿನ ಆಚರಿಸು ಎಂಬ ಬೈಬಲ್ಲಿನ ಆಜ್ಞೆ ಸೃಷ್ಟಿಯ ಈ ವಾರವನ್ನೇ ಮಾದರಿಯಾಗಿ ತೋರಿಸುತ್ತದೆ. ಅದನ್ನಾದರೂ ಮಗುವಿಗೆ ಹೇಳಬಹುದಿತ್ತಲ್ವಾ?

ನಾವು ಸದಾಶಿವಗಡದಿಂದ ಸುರಿಯೋ ಮಳೆಯಲ್ಲಿ ಬಂದವರು. ಐದೂವರೆಗೆ ಅಂದದ್ದು ಶುರುವಾಗಿದ್ದು ಏಳಕ್ಕೆ. ಮುಗಿದಾಗ ಬಸ್ಸಿಲ್ಲ. ಇಬ್ಬರು ರಿಕ್ಷಾದವರು ಬರಲ್ಲ ಅಂದರು, ಮೂರನೆಯವರು ಜಾಸ್ತಿ ಕೇಳಿದರು. 2024ರ ಆಗಸ್ಟಿನಲ್ಲಿ ದಾರಿಯಲ್ಲಿ ಸಿಗುವ ಕಾಳಿ ನದಿಯ ಹಳೇ ಸೇತುವೆ ಕುಸಿದಾಗಿನಿಂದ ರಾತ್ರಿ ಆ ದಾರಿ ಅಂದರೆ ಮಗಳಿಗೆ ಮೊದಲೇ ಭಯ. ಇಳಿದ ಕಡೆ ಬೀದಿದೀಪವೂ ಇಲ್ಲ. ದೀಪಕ್ಕಾಗಿ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. 'ಎರಡು ದಿನದಲ್ಲಿ ಮಾಡಿಸ್ತೇವೆ' ಅಂದಿದ್ದರು ಸಾಹೇಬರು, ಮಳೆಗಾಲಕ್ಕೆ ಮುಂಚೆ. ಇವರ ದಿನ ಎಷ್ಟು ಉದ್ದ ಅಂತಲೂ ಯಾರಾದರೂ ಉಪನ್ಯಾಸ ಕೊಡಲಿ. ಫೋನ್ ಮಾಡಿದರೆ ಎತ್ತುವುದಿಲ್ಲ, ಆಫೀಸಿಗೆ ಹೋದರೆ ಮೀಟಿಂಗ್.

ಮಗಳ ಪ್ರಶ್ನೆಯನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಿ. ಆಯೋಜಕರು ಅವಳಿಗೆ ಉತ್ತರ ಕೊಡಲಿ. ಆ ದೀಪದ ವಿಷಯವನ್ನೂ ಸಂಬಂಧಪಟ್ಟವರು ನೋಡಲಿ. ಮಕ್ಕಳನ್ನು ಕರೆಸಿ ಸುಮ್ನೆ ಕೂರಿಸುವುದಾದರೆ ಕರೆಯೋದಾದರೂ ಯಾಕೆ?

– ಒಬ್ಬ ತಾಯಿ, ಸದಾಶಿವಗಡ, ಕಾರವಾರ